ಬಸ್ರೂರಿನ ಕೋಟೆಯನ್ನು ಹುಡುಕುತ್ತಾ



ಜನವರಿ 16 ಸಂತ ಜೋಸೆಫ್ ವಾಜ್ ಅವರ ಹಬ್ಬ. ಅದಕ್ಕೆ ಕೆಲವು ದಿನ ಮುಂಚೆ ತ್ರಾಸಿಯ ಒಂದು ಮನೆಗೆ ಹೋಗಿದ್ದೆವು. ಯುರೋಪಿನಲ್ಲಿ ದುಡಿಯುವ ಮಗ ಕಳಿಸಿದ ಫೋಟೋಗಳನ್ನು ತಾಯಿ ತೋರಿಸಿದರು. ಚೆಕ್ ದೇಶದ ಚೆಸ್ಕಿ ಕ್ರುಮ್ಲೊವ್ ಎಂಬ ಹಳೆಯ ಪಟ್ಟಣ. ಹೊಳೆ ಬಳಸಿಕೊಂಡ ಊರು, ಬಂಡೆಯ ಮೇಲೆ ಅರಮನೆ. 1992ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಕೋಟೆಯ ಕಂದಕದಲ್ಲಿ ಕರಡಿ ಸಾಕುತ್ತಾರಂತೆ! ಮನೆಯ ಪುಟ್ಟ ಹುಡುಗಿ ಕೇಳಿಯೇ ಬಿಟ್ಟಳು: "ಫಾದರ್, ನಮ್ಮ್ ಊರಂಗೆ ಕೋಟೆ ಇಲ್ಯಾ?"

ಮರುವಾರ ನಾವು ಕೆಲವರು ಮಕ್ಕಳನ್ನು ಕರೆದುಕೊಂಡು ಕುಂದಾಪುರ ದಾಟಿ ಬಸ್ರೂರಿಗೆ ಹೋದೆವು. ವಾರಾಹಿ ಹೊಳೆಯ ದಂಡೆಯ ಈ ಊರು ಒಂದು ಕಾಲದ ದೊಡ್ಡ ಬಂದರು. ಪಡುಕೇರಿ, ಮೂಡುಕೇರಿಯ ವರ್ತಕರು 'ಹಲರು' ಎಂದು ಶಾಸನಗಳಲ್ಲಿ ಕಾಣಸಿಗುತ್ತಾರೆ. ಇಲ್ಲಿನ ಅಕ್ಕಿ ಹಡಗೇರಿ ಗೋವಾಕ್ಕೂ ಹೊರ್ಮುಜಿಗೂ ಹೋಗುತ್ತಿತ್ತು. ಆಲದ ಬೇರುಗಳು ತಬ್ಬಿ ಹಿಡಿದ ತುಳುವೇಶ್ವರ ಗುಡಿಯ ಮುಂದೆ ಮಕ್ಕಳು ಬಹಳ ಹೊತ್ತು ನಿಂತರು. ಕೋಟೆ ಮಾತ್ರ ಕಾಣಲಿಲ್ಲ.

ಪೋರ್ಚುಗೀಸರಿಗೆ 'ಬಾರ್ಸೆಲೋರ್' ಬೇಕಾದದ್ದೇ ಆ ಅಕ್ಕಿಗಾಗಿ. 1569ರಲ್ಲಿ ಸೈನ್ಯ ತಂದು ಗೆದ್ದು, ಹೊಳೆಯ ಕೆಳಗೆ ಈಗಿನ ಕುಂದಾಪುರದ ಕಡೆ ಕೋಟೆ ಕಟ್ಟಿದರು. ಕುಂದಾಪುರದ ರೊಜಾರಿ ಮಾತೆಯ ಇಗರ್ಜಿ ಸ್ಥಾಪನೆಯಾದದ್ದು 1570ರಲ್ಲಿ. ಈ ಎರಡು ಇಸವಿಗಳನ್ನು ಒಟ್ಟಿಗೆ ಓದುವಾಗ ನಮಗೆ ಸ್ವಲ್ಪ ಮುಜುಗರವಾಗುತ್ತದೆ. ಆದರೂ ಮಕ್ಕಳಿಂದ ಮುಚ್ಚಿಡಬಾರದು. ನಮ್ಮ ಇಗರ್ಜಿ ಇಲ್ಲಿ ಫಿರಂಗಿಯ ನೆರಳಿನಲ್ಲೇ ಮೊದಲು ನಿಂತಿತು.

1623ರಲ್ಲಿ ಇಕ್ಕೇರಿಗೆ ಹೋಗಿ ಇತ್ತ ಇಳಿದು ಬಂದ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಎರಡು ಬಸ್ರೂರುಗಳನ್ನು ಕಂಡ. ಮೇಲಿನದು ಇಕ್ಕೇರಿಯ ವೆಂಕಟಪ್ಪ ನಾಯಕನದು, ಕೆಳಗಿನದು ಪೋರ್ಚುಗೀಸರದು. ಅವರ ಕೋಟೆ ಬಹಳ ಚಿಕ್ಕದು, ನಕ್ಷತ್ರದ ಆಕಾರದ್ದು, ಸುತ್ತ ಕಂದಕವೇ ಇಲ್ಲ ಎಂದು ಬರೆದಿಟ್ಟ. ಅವನ ಕಣ್ಣು ತಪ್ಪಲಿಲ್ಲ. 1652ರಿಂದ 1654ರೊಳಗೆ ಶಿವಪ್ಪ ನಾಯಕ ಬಸ್ರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರುಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡ. ಕೋಟೆಯ ಆಯುಷ್ಯ ಎಂಬತ್ತೈದು ವರ್ಷವೂ ಅಲ್ಲ. 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಬಸ್ರೂರನ್ನು ಸೂರೆಗೊಂಡದ್ದು ಆಮೇಲಿನ ಮಾತು.

ಕೋಟೆ ಹೋದಾಗ ಕ್ರೈಸ್ತರು ಹೋಗಲಿಲ್ಲ. ಗುರುಗಳು ವಿರಳ, ರಕ್ಷಣೆಗೆ ಯಾರೂ ಇಲ್ಲ. ಇಗರ್ಜಿ ಕಟ್ಟಲು ಒಪ್ಪಿಗೆ ದೊರೆತದ್ದು 1678ರ ಒಪ್ಪಂದದಲ್ಲಿ; ಆಗ ಕೆಳದಿಯನ್ನು ಆಳುತ್ತಿದ್ದವಳು ವೀರಶೈವ ರಾಣಿ ಚೆನ್ನಮ್ಮ. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಇಸವಿಯೂ 1678. ಮೂರು ವರ್ಷದ ಬಳಿಕ, 1681ರಲ್ಲಿ, ಗೋವಾದಿಂದ ಬಂದ ಜೋಸೆಫ್ ವಾಜ್ 1684ರವರೆಗೆ ಕೆನರಾದಲ್ಲಿ ಸೇವೆ ಮಾಡಿದರು. ಕುಂದಾಪುರದಲ್ಲಿ ಅವರು ಪ್ರಾರ್ಥಿಸಿದ ಕಥೆಯನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ಅವರ ಹಿಂದೆ ಸೈನಿಕನೊಬ್ಬನೂ ಇರಲಿಲ್ಲ. (1784ರ ಸೆರೆ, 1799ರ ಅನಂತರದ ಮರಳುವಿಕೆ ಬೇರೆಯೇ ಅಧ್ಯಾಯ, ಇನ್ನೊಮ್ಮೆ ಬರೆಯೋಣ.)

ವಾಪಸು ಬರುವಾಗ ಆ ಹುಡುಗಿಯ ಮುಖ ಸಪ್ಪಗಿತ್ತು. ಮೇ ತಿಂಗಳಲ್ಲಿ ಹೊಸಂಗಡಿಯ ಮೇಲೆ ಬಾಳೆಬರೆ ಘಾಟಿ ಹತ್ತಿ ನಗರಕ್ಕೆ ಹೋಗೋಣ ಎಂದು ಮಾತು ಕೊಟ್ಟಿದ್ದೇವೆ. ಅಂದಿನ ಬಿದನೂರು, ಚೆನ್ನಮ್ಮನ ರಾಜಧಾನಿ. ಹೆಬ್ಬಾಗಿಲು, ಬುರುಜು, ಕೊಳ ಎಲ್ಲ ಇವೆ. ಕರಡಿ ಮಾತ್ರ ಇಲ್ಲ ಎಂದು ಮೊದಲೇ ಹೇಳಿದ್ದೇವೆ.