ಬೋರಲಿನಿಂದ ಅಂಗಾತಕ್ಕೆ: ಹಸುಗೂಸಿನ ನಿದ್ರೆಯನ್ನು ಕುರಿತ ವೈದ್ಯಕೀಯ ತಿಳಿವಳಿಕೆಯ ಹಾದಿ

ಆರೋಗ್ಯವಾಗಿಯೇ ಮಲಗಿದ ಹಸುಗೂಸು ಬೆಳಗಾಗುವಷ್ಟರಲ್ಲಿ ಸತ್ತಿದ್ದರೆ, ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಮೊದಲು ಸಂಶಯಕ್ಕೆ ಗುರಿಯಾಗುತ್ತಿದ್ದವಳು ತಾಯಿ. ಡಂಡೀ ನಗರದ ಪೊಲೀಸ್ ವೈದ್ಯ ಚಾರ್ಲ್ಸ್ ಟೆಂಪಲ್‌ಮನ್ ಅವರು 1892ರಲ್ಲಿ ಇಂತಹ 258 ಸಾವುಗಳನ್ನು ಪರಿಶೀಲಿಸಿ, ಕುಡಿತ, ಅಜಾಗರೂಕತೆ ಮತ್ತು ಮನೆಯ ಇಕ್ಕಟ್ಟಿನಿಂದಾಗಿ ಕೂಸುಗಳು ಹೆತ್ತವರ ಮೈಕೆಳಗೆ ಸಿಕ್ಕಿ ಉಸಿರುಗಟ್ಟುತ್ತವೆಂದು ಬರೆದರು. ಅದೇ ಕಾಲಕ್ಕೆ ಹುಟ್ಟಿಕೊಂಡ ಇನ್ನೊಂದು ವಾದವು ಎದೆಯ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯ ಊತವನ್ನು ದೂರಿತು. ಕಾಯಿಲೆಯಿಂದ ಸೊರಗಿ ಸತ್ತ ಮಕ್ಕಳ ಕುಗ್ಗಿದ ಗ್ರಂಥಿಯನ್ನೇ ಸಹಜವೆಂದು ತಿಳಿದಿದ್ದ ವೈದ್ಯರು, ಆರೋಗ್ಯವಂತ ಶಿಶುಗಳ ಗ್ರಂಥಿಯನ್ನು ಕ್ಷ-ಕಿರಣದಿಂದ ಸುಡಲು ಹೊರಟರು. ಹೀಗೆ ಕಿರಣಕ್ಕೆ ಒಡ್ಡಿದ ಶಿಶುಗಳಲ್ಲಿ ಕೆಲವರಿಗೆ ದೊಡ್ಡವರಾದ ಮೇಲೆ ಥೈರಾಯ್ಡ್ ಕ್ಯಾನ್ಸರ್ ಬಂದಿತು.

ಮರಣೋತ್ತರ ಪರೀಕ್ಷೆಯಲ್ಲೂ ಕಾರಣ ಸಿಗದ ಇಂತಹ ಸಾವಿಗೆ ‘ಶಿಶು ಹಠಾತ್ ಮರಣ’ವೆಂಬ ವ್ಯಾಖ್ಯೆ ದೊರೆತದ್ದು 1969ರ ಸಿಯಾಟಲ್ ಸಮ್ಮೇಳನದಲ್ಲಿ. ಅದಕ್ಕೂ ಬಹಳ ಮುಂಚೆ, 1944ರಲ್ಲೇ, ನ್ಯೂಯಾರ್ಕಿನ ಹೆರಾಲ್ಡ್ ಅಬ್ರಾಮ್‌ಸನ್ ಅವರು ಸತ್ತ ಶಿಶುಗಳಲ್ಲಿ ಹೆಚ್ಚಿನವು ಬೋರಲಾಗಿ ಮಲಗಿದ್ದವೆಂದು ಗುರುತಿಸಿದ್ದರೂ, ಆ ಮಾತು ನಿಲ್ಲಲಿಲ್ಲ. 1950ರ ದಶಕ ಮುಗಿಯುವ ಹೊತ್ತಿಗೆ ಬೆಂಜಮಿನ್ ಸ್ಪಾಕ್ ಅವರ ಜನಪ್ರಿಯ ಶಿಶುಪಾಲನಾ ಗ್ರಂಥವೇ ಬೋರಲು ಮಲಗಿಸುವಂತೆ ಹೇಳತೊಡಗಿತ್ತು. ಅಂಗಾತ ಮಲಗಿದ ಕೂಸು ಕಕ್ಕಿದರೆ ಹಾಲು ಶ್ವಾಸನಾಳಕ್ಕೆ ಇಳಿಯುತ್ತದೆಂಬುದು ಅದರ ಹಿಂದಿನ ಭಯ. ಅಂಗರಚನೆ ಹೇಳುವುದು ಬೇರೆ: ಅಂಗಾತ ಮಲಗಿದಾಗ ಶ್ವಾಸನಾಳವು ಅನ್ನನಾಳದ ಮೇಲಿರುವುದರಿಂದ ಕಕ್ಕಿದ ಹಾಲು ಮೇಲಕ್ಕೇರಬೇಕಾಗುತ್ತದೆ, ಬೋರಲಾದಾಗಲೇ ಅದಕ್ಕೆ ಇಳಿಜಾರು ಸಿಗುತ್ತದೆ.

1970ರ ದಶಕದಲ್ಲಿ ಬೋರಲು ನಿದ್ರೆಯನ್ನು ರೂಢಿಸಿಕೊಂಡ ನೆದರ್ಲೆಂಡ್ಸ್‌ನಲ್ಲಿ ಸಾವುಗಳು ಏರಿದವು. ಅಂಗಾತ ಮಲಗಿಸುವುದೇ ವಾಡಿಕೆಯಾಗಿದ್ದ ಹಾಂಗ್‌ಕಾಂಗಿನಲ್ಲಿ ಅವು ಅಪರೂಪವೆಂದು 1985ರಲ್ಲಿ ವರದಿಯಾಯಿತು. ಅಡಿಲೇಡಿನ ಸೂಸನ್ ಬೀಲ್ ಅವರು ಸತ್ತ ಮಕ್ಕಳ ಮನೆಗಳಿಗೇ ಹೋಗಿ, ಮಗು ಮಲಗಿದ್ದ ಹಾಸಿಗೆ, ಹೊದಿಕೆ, ಮುಖದ ದಿಕ್ಕುಗಳನ್ನು ವಿಚಾರಿಸಿ ದಾಖಲಿಸಿದರು. ನ್ಯೂಜಿಲೆಂಡಿನ ಅಧ್ಯಯನವೂ ಬ್ರಿಸ್ಟಲಿನ ಪೀಟರ್ ಫ್ಲೆಮಿಂಗ್ ಅವರ ತಂಡದ ಅಧ್ಯಯನವೂ ಬೋರಲು ನಿದ್ರೆಯ ಅಪಾಯವನ್ನು ದೃಢಪಡಿಸಿದ ಮೇಲೆ 1991ರಲ್ಲಿ ಬ್ರಿಟನ್ನಿನಲ್ಲಿ, 1994ರಲ್ಲಿ ಅಮೆರಿಕದಲ್ಲಿ ಅಂಗಾತ ಮಲಗಿಸುವಂತೆ ಹೇಳುವ ಪ್ರಚಾರಾಂದೋಲನ ಆರಂಭವಾಗಿ, ಈ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ಯಾವ ಔಷಧವೂ ಇಲ್ಲದೆ, ಮಗುವನ್ನು ಮಗುಚಿ ಮಲಗಿಸಿದ್ದರಿಂದಲೇ ಸಿಕ್ಕ ಫಲವಿದು. ಆದರೆ ಚದುರಿಹೋಗಿದ್ದ ಸಾಕ್ಷ್ಯವನ್ನು 1970ರಲ್ಲೇ ಒಟ್ಟುಗೂಡಿಸಿದ್ದರೆ ಬ್ರಿಟನ್ನಿನಲ್ಲಿ ಹತ್ತು ಸಾವಿರ, ಯುರೋಪ್, ಅಮೆರಿಕ ಮತ್ತು ಆಸ್ಟ್ರೇಲಿಯಾ ಭಾಗಗಳಲ್ಲಿ ಕನಿಷ್ಠ ಐವತ್ತು ಸಾವಿರ ಶಿಶುಗಳು ಉಳಿಯಬಹುದಿತ್ತೆಂದು ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು 2005ರಲ್ಲಿ ಅಂದಾಜಿಸಿದರು. ಕೊರತೆಯಿದ್ದದ್ದು ತಿಳಿವಳಿಕೆಯಲ್ಲಲ್ಲ, ಅದನ್ನು ಜೋಡಿಸುವ ಕೆಲಸದಲ್ಲಿ.

ಕಾರಣದ ಶೋಧ ನಿಧಾನವಾಗಿ ಸಾಗಿದೆ. ದುರ್ಬಲ ಶಿಶು, ನಾಜೂಕಿನ ವಯಸ್ಸು, ಹೊರಗಿನ ಒತ್ತಡ ಈ ಮೂರೂ ಕೂಡಿದಾಗ ಸಾವು ಸಂಭವಿಸುತ್ತದೆಂಬ 1994ರ ಸಿದ್ಧಾಂತವನ್ನು ಮಂಡಿಸಿದವರಲ್ಲೊಬ್ಬರಾದ ಹ್ಯಾನಾ ಕಿನ್ನಿ ಅವರು, ಮುಂದೆ ಉಸಿರಾಟ ಹಾಗೂ ಎಚ್ಚರಗೊಳ್ಳುವಿಕೆಯನ್ನು ನಿಯಂತ್ರಿಸುವ ಮಿದುಳಕಾಂಡದ ಸಿರೊಟೋನಿನ್ ವ್ಯವಸ್ಥೆಯಲ್ಲಿ ದೋಷಗಳನ್ನು ಕಂಡರು. ಹೆತ್ತವರ ಹಾಸಿಗೆಯಲ್ಲೇ ಮಗು ಮಲಗಬಹುದೇ ಎಂಬ ವಾದವಂತೂ ಇತ್ಯರ್ಥವಾಗಿಲ್ಲ: ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ ಒಂದೇ ಕೋಣೆಯಲ್ಲಿ ಬೇರೆ ಹಾಸಿಗೆ ಇರಲೆನ್ನುತ್ತದೆ, ಮಾನವಶಾಸ್ತ್ರಜ್ಞ ಜೇಮ್ಸ್ ಮೆಕೆನ್ನಾ ಅವರು ಎದೆಹಾಲಿಗೂ ಜೊತೆನಿದ್ರೆಗೂ ಇರುವ ನಂಟನ್ನು ಮುಂದಿಡುತ್ತಾರೆ. ಧೂಮಪಾನ, ಮದ್ಯಪಾನ ಮತ್ತು ಸೋಫಾದ ಮೇಲಿನ ನಿದ್ರೆ ಅಪಾಯವನ್ನು ಹೆಚ್ಚಿಸುತ್ತವೆಂಬುದರಲ್ಲಿ ಮಾತ್ರ ತಕರಾರಿಲ್ಲ. ಕೂಸನ್ನು ಅಂಗಾತ ಮಲಗಿಸುವ ರೂಢಿಯಿರುವ ಕನ್ನಡದ ಬಾಣಂತಿಕೋಣೆಗಳಿಗೆ ಸುರಕ್ಷಿತ ನಿದ್ರೆಯ ಉಪದೇಶದ ಮೊದಲ ಭಾಗ ಹೊಸತಲ್ಲ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಸಾಂಬ್ರಾಣಿ ಹೊಗೆ, ಸೆಕೆಯಲ್ಲೂ ಬಿಗಿದ ಟೋಪಿ ಮತ್ತು ಕಂಬಳಿಗಳನ್ನು ಪ್ರಶ್ನಿಸುವುದು ಅದರ ಉಳಿದ ಭಾಗ.