ಹಗೇವು, ಹಿತುಕಿದ ಬೇಳೆ, ಹುರಳಿಯ ಕಟ್ಟು: ಹಳೆಯ ಮೈಸೂರು ಸೀಮೆಯ ಮನೆಯಡುಗೆಯ ಇತಿಹಾಸವನ್ನು ಕುರಿತು ಕೆಲವು ವಿಚಾರಗಳು

ಕನ್ನಡ ನಾಡಿನಲ್ಲಿ ಪಾಕಶಾಸ್ತ್ರವನ್ನು ಕುರಿತ ಬರವಣಿಗೆಗೆ ಸಾವಿರ ವರ್ಷಗಳ ಪರಂಪರೆಯುಂಟು. ಕ್ರಿ. ಶ. 1025ರ ಸುಮಾರಿನಲ್ಲಿ ಪಶ್ಚಿಮ ಚಾಳುಕ್ಯರ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ಅಡುಗೆಯ ವಿಷಯವನ್ನೂ ನಿರೂಪಿಸಿದನು. ಅನಂತರ ಒಂದು ಶತಮಾನದಲ್ಲಿ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ವು ಅನ್ನಭೋಗವನ್ನು ರಾಜನ ಭೋಗಗಳಲ್ಲಿ ಒಂದೆಂದು ಎಣಿಸಿ ವಿಸ್ತರಿಸಿತು. ಹದಿನಾರನೆಯ ಶತಮಾನದ ಆದಿಯಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ರಚಿಸಿದನು. ಹದಿನೆಂಟನೆಯ ಶತಮಾನದ ಪ್ರಾರಂಭದಲ್ಲಿ ಕೆಳದಿಯ ಬಸವಭೂಪಾಲನ 'ಶಿವತತ್ತ್ವರತ್ನಾಕರ'ವು ಇದೇ ಪಂಕ್ತಿಯಲ್ಲಿ ಬಂದು ಕುಳಿತಿತು. ಇಷ್ಟು ಸಾಮಗ್ರಿಯಿರುವ ಪ್ರಾಂತ್ಯ ಭಾರತದಲ್ಲಿ ವಿರಳವೆಂದೇ ಹೇಳಬೇಕು.

ಆದರೆ ಈ ಗ್ರಂಥಗಳ ಕರ್ತೃಗಳು ರಾಜರು, ಸಾಮಂತರು, ಅಥವಾ ಅವರ ಆಶ್ರಿತರು. ಇವರ ಪಾಕಶಾಲೆಯಲ್ಲಿ ತುಪ್ಪಕ್ಕೆ ಲೆಕ್ಕವಿಲ್ಲ. ಏಲಕ್ಕಿ ಕರ್ಪೂರಗಳಿಗೆ ಬರವಿಲ್ಲ. ಒಕ್ಕಲು ಮಗನ ಮನೆಯಲ್ಲಿ ಪುಷ್ಯಮಾಸದ ಒಂದು ಸಂಜೆ ಒಲೆಯ ಮೇಲೆ ಏನಿತ್ತು, ಮಾರನೆಯ ಬೆಳಗ್ಗೆ ಅದರಲ್ಲಿ ಉಳಿದುದನ್ನು ಏನು ಮಾಡಿದರು ಎಂಬುದನ್ನು ತಿಳಿಸುವುದು ಇವುಗಳ ಉದ್ದೇಶವಾಗಿರಲಿಲ್ಲ. ಆದುದರಿಂದ ಮನೆಯಡುಗೆಯ ಇತಿಹಾಸವನ್ನು ಬೇರೆ ಕಡೆಯಿಂದ ಸಂಗ್ರಹಿಸಬೇಕಾಗುತ್ತದೆ. ಹೊಲದ ಬೆಳೆಯ ಕಾಲಮಾನವನ್ನೂ ಅಡುಗೆಯ ಮನೆಯ ಮಾತುಗಳನ್ನೂ ಒಂದಕ್ಕೊಂದು ಹೊಂದಿಸಿ ನೋಡಿದರೆ, ಗ್ರಂಥಗಳು ಬಿಟ್ಟಿರುವ ಭಾಗದಲ್ಲಿ ಗಣನೀಯವಾದಷ್ಟನ್ನು ತುಂಬಿಕೊಳ್ಳಬಹುದೆಂಬುದು ಪ್ರಕೃತ ಲೇಖನದ ವಾದ.

ಮೊದಲು ರಾಗಿಯನ್ನು ತೆಗೆದುಕೊಳ್ಳೋಣ. ಕನಕದಾಸರ 'ರಾಮಧಾನ್ಯ ಚರಿತೆ'ಯ ಕಥೆ ಸರ್ವವಿದಿತವಾದುದು. ರಾಗಿಗೂ ಭತ್ತಕ್ಕೂ ಮೇಲುಕೀಳಿನ ವಿವಾದ ಹುಟ್ಟಿದಾಗ ಶ್ರೀರಾಮನು ಎರಡನ್ನೂ ಆರು ತಿಂಗಳ ಕಾಲ ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಭತ್ತವು ಕಂದಿರುತ್ತದೆ, ರಾಗಿಯು ಕೆಡದೆ ಇರುತ್ತದೆ. ಈ ಕಾವ್ಯದಲ್ಲಿ ಸಾಮಾಜಿಕ ಧ್ವನಿಯನ್ನು ವಿಮರ್ಶಕರು ಗುರುತಿಸಿದ್ದಾರೆ; ಅದು ಯುಕ್ತವೇ. ಆದರೆ ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಮತ್ತೊಂದು ಸಂಗತಿ ಕಾಣುತ್ತದೆ. ತೀರ್ಪು ನಿಂತಿರುವುದು ರುಚಿಯ ಮೇಲಲ್ಲ, ಬಣ್ಣದ ಮೇಲಲ್ಲ, ದಾಸ್ತಾನಿನ ಮೇಲೆ. ಆ ಸೆರೆಮನೆಗೆ ಲೋಕದಲ್ಲಿ ಒಂದು ಪ್ರತಿರೂಪವಿತ್ತು, ಅದೇ ಹಗೇವು. ಗಟ್ಟಿಯಾದ ಒಣನೆಲದಲ್ಲಿ ಬಾಯಿ ಕಿರಿದಾಗಿ ಒಡಲು ಅಗಲವಾಗಿ ತೋಡಿದ ಈ ಗುಳಿಗೆ ಸುತ್ತಲೂ ಹುಲ್ಲನ್ನು ಒತ್ತಿ, ರಾಗಿಯನ್ನು ಸುರಿದು, ಮೇಲೆ ಕಲ್ಲುಚಪ್ಪಡಿಯನ್ನಿಟ್ಟು ಮಣ್ಣಿನಿಂದ ಮೆತ್ತುತ್ತಿದ್ದರು. ಒಳಗಿನ ಗಾಳಿಯಲ್ಲಿ ಪ್ರಾಣವಾಯು ತೀರಿಹೋಗುತ್ತಿದ್ದುದರಿಂದ ಹುಳು ಬದುಕುತ್ತಿರಲಿಲ್ಲ. ಅದೇ ಕಾರಣದಿಂದ, ಹಗೇವನ್ನು ತೆರೆದ ಕೂಡಲೆ ಇಳಿದ ಮನುಷ್ಯನಿಗೂ ಅಪಾಯವಿತ್ತು; ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಒಳಕ್ಕೆ ಇಳಿಯುತ್ತಿದ್ದರು. ಹೀಗೆ ಇಟ್ಟ ರಾಗಿ ವರ್ಷಗಟ್ಟಲೆ ಉಳಿಯುತ್ತಿತ್ತು.

ಮನೆಯವರಿಗೆ ಹಿತವಾದ ತಿನಿಸುಗಳು ಬಹುಮಟ್ಟಿಗೆ ಈ ದಾಸ್ತಾನಿನಿಂದಲೇ ಹುಟ್ಟಿದುವು. ರಾಗಿಯನ್ನು ನೀರು ಚಿಮುಕಿಸಿ ಹುರಿದು ಅರಳಿಸಿ ಬೀಸಿದರೆ ಹುರಿಹಿಟ್ಟು. ಅದಕ್ಕೆ ಬೆಲ್ಲವನ್ನೂ ಹಾಲನ್ನೂ ಕಲಸಿದರೆ ಮಕ್ಕಳಿಗೆ ಸಿಹಿ. ಮೊಳಕೆ ಬರಿಸಿ ಒಣಗಿಸಿ ಬೀಸಿದರೆ ಎಳೆಗೂಸಿಗೆ ಸರಿ. ರಾತ್ರಿ ಮಿಕ್ಕ ಮುದ್ದೆಯನ್ನು ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು ಈರುಳ್ಳಿಗಳನ್ನು ಸೇರಿಸಿದರೆ ಹೊಲಕ್ಕೆ ಹೋಗುವವನ ತಂಗಳು. ಇವುಗಳಲ್ಲಿ ಯಾವುದಕ್ಕೂ ಹೊಸದಾಗಿ ಹಣ ಕೊಟ್ಟು ತರಬೇಕಾದ ವಸ್ತುವಿಲ್ಲವೆಂಬುದನ್ನು ಗಮನಿಸಬೇಕು.

ಇನ್ನು ಅವರೆ. 1800-01ರಲ್ಲಿ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ರಾಜ್ಯವನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು, ರಾಗಿಯ ಹೊಲದಲ್ಲಿ ನಡುನಡುವೆ ಅವರೆ, ತೊಗರಿಗಳ ಸಾಲುಗಳನ್ನು ಬಿತ್ತುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ನಮ್ಮ ರೈತರು ಇದನ್ನು ಅಕ್ಕಡಿ ಎನ್ನುತ್ತಾರೆ. ಮುಂಗಾರಿನಲ್ಲಿ ಒಟ್ಟಿಗೆ ಬಿತ್ತಿದರೂ ರಾಗಿಯೂ ಅವರೆಯೂ ಒಟ್ಟಿಗೆ ಕೈಗೆ ಬರುವುದಿಲ್ಲ. ಹಗಲು ಕಿರಿದಾಗುತ್ತ ಬಂದಲ್ಲದೆ ನಾಟಿ ಅವರೆ ಹೂಬಿಡದು. ರಾಗಿಯ ಕೊಯ್ಲಾದ ಮೇಲೆ, ಮಳೆ ನಿಂತ ನೆಲದಲ್ಲಿ ಉಳಿದ ತೇವವನ್ನು ಹೀರಿಕೊಂಡು, ಮಾರ್ಗಶಿರ ಪುಷ್ಯಗಳ ಚಳಿಯಲ್ಲಿ ಅದು ಕಾಯಿಕಟ್ಟುತ್ತದೆ. ಕಾಯಿಯ ಮೇಲಣ ಜಿಡ್ಡಿನ ಕಂಪಿಗೆ 'ಸೊಗಡು' ಎಂದು ಹೆಸರು. ಮಂಜು ಬಿದ್ದಷ್ಟೂ ಸೊಗಡು ಹೆಚ್ಚೆಂಬುದು ಜನರ ನಂಬಿಕೆ. ಎಂದರೆ, ಅವರೆಯ ಋತುವು ಪ್ರಧಾನ ಬೆಳೆಯು ಬಿಟ್ಟುಹೋದ ನೆಲ, ನೀರು, ಬಿಡುವುಗಳಿಂದ ದೊರೆತ ಆದಾಯ.

ಬಿಡುವು ಎಂಬ ಮಾತನ್ನು ವಿವರಿಸಬೇಕು. ಅವರೆಕಾಯಿಯನ್ನು ಸುಲಿದು, ಕಾಳನ್ನು ನೆನೆಯಿಟ್ಟು, ಒಂದೊಂದು ಕಾಳನ್ನೂ ಬೆರಳುಗಳ ನಡುವೆ ಹಿತುಕಿ ಸಿಪ್ಪೆಯನ್ನು ಕಳಚಿದರೆ ಹಿತುಕಿದ ಬೇಳೆಯಾಗುತ್ತದೆ. ಒಂದು ಸೇರು ಬೇಳೆಗೆ ಎಷ್ಟು ಕೈ, ಎಷ್ಟು ಹೊತ್ತು ಬೇಕೆಂಬುದನ್ನು ಮಾಡಿದವರೇ ಬಲ್ಲರು. ಸುಗ್ಗಿಯ ಕೆಲಸ ಇಳಿಮುಖವಾದ ಕಾಲದಲ್ಲಿ, ಅಜ್ಜಿ ಸೊಸೆಯಂದಿರು ಮಕ್ಕಳೆಲ್ಲರೂ ಕುಳಿತಾಗ ಮಾತ್ರ ಇದು ಸಾಧ್ಯವಾಗುತ್ತಿತ್ತು. ಸಿಪ್ಪೆಯೂ ಸೊಟ್ಟೆಯೂ ದನಕ್ಕೆ. ಎಳೆಯ ಕಾಳು ಉಪ್ಪಿಟ್ಟಿಗೂ ರೊಟ್ಟಿಗೂ. ಮಿಕ್ಕುದು ಒಣಗಿ ವರ್ಷದ ಉಳಿದ ತಿಂಗಳುಗಳಿಗೆ. ರುಚಿಗೆ ಹಾಕಿದ ಬಂಡವಾಳವೆಂದರೆ ಹೆಂಗಸರ ದುಡಿಮೆಯೇ. ಹಣದ ಲೆಕ್ಕದಲ್ಲಿ ಅದು ಬಾರದಿದ್ದುದರಿಂದ ಈ ತಿನಿಸು ಅಗ್ಗವೆನಿಸಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಗಲಿನ ಅಳತೆಗೆ ಕಟ್ಟುಬೀಳದ ಹೆಬ್ಬಾಳ ಅವರೆಯ ತಳಿಗಳನ್ನು ಹೊರತಂದ ಮೇಲೆ ಬೇರೆ ಕಾಲದಲ್ಲಿಯೂ ಅವರೆ ಮಾರುಕಟ್ಟೆಗೆ ಬರುತ್ತಿದೆ. ಅದಕ್ಕೆ ಸೊಗಡಿಲ್ಲವೆಂದು ಹಳಬರು ಮೂಗು ಮುರಿಯುತ್ತಾರೆ; ಅವರ ಪಕ್ಷವನ್ನು ನಾನೂ ವಹಿಸುತ್ತೇನೆ.

ಮಿತವ್ಯಯಕ್ಕೆ ಬಸ್ಸಾರಿಗಿಂತ ಉತ್ತಮವಾದ ನಿದರ್ಶನ ದೊರೆಯಲಾರದು. ಕಾಳನ್ನೂ ಸೊಪ್ಪನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ನೀರನ್ನು ಬಸಿದು, ಆ ನೀರಿಗೆ ಖಾರವನ್ನು ಅರೆದು ಹಾಕಿದರೆ ಸಾರು. ಬಸಿದುಳಿದ ಗಟ್ಟಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಉರಿಗೆ ಎರಡು ವ್ಯಂಜನ. ಈ ಅಡುಗೆಯ ಮಾತುಗಳನ್ನು ಸಾಲಾಗಿ ಇಟ್ಟು ನೋಡಿ: ಬಸಿ, ಕಟ್ಟು, ಹಿತುಕು, ಸೊಗಡು, ತಂಗಳು. ಎಲ್ಲವೂ ಅಚ್ಚಗನ್ನಡದವು. ಪಾಕಗ್ರಂಥಗಳ ಪಿಷ್ಟಪಾಕ, ಪಾನಕ, ಶಾಕಪಾಕಗಳ ಸಂಸ್ಕೃತದ ಪಕ್ಕದಲ್ಲಿ ಇವು ಬೇರೊಂದು ಲೋಕಕ್ಕೆ ಸೇರಿದುವೆಂಬುದು ಸ್ಪಷ್ಟವಾಗುತ್ತದೆ.

ಆದರೂ, ಹೆಸರು ಹಳೆಯದಾದ ಮಾತ್ರಕ್ಕೆ ತಿನಿಸೂ ಹಳೆಯದೆಂದು ಭ್ರಮಿಸಬಾರದು. ಕ್ರಿ. ಶ. 920ರ ಸುಮಾರಿನ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಬರುತ್ತದೆ. ಚಾವುಂಡರಾಯನು ಹೇಳುವ ಕ್ರಮದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆಯುವುದುಂಟು, ಅಕ್ಕಿಯ ಸುದ್ದಿಯಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲವೂ ಹಾಗೆಯೇ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆಗಳು ನಮ್ಮ ದೇಶದಲ್ಲಿ ಪ್ರಾಚೀನ. ಕಡಲೆಕಾಯಿ ಬೀಜವು ಮಾತ್ರ ಅಮೆರಿಕ ಖಂಡದಿಂದ ಬಂದದ್ದು. ಆ ಬೆಳೆ ಈ ನಾಡಿಗೆ ಬರುವ ಮುನ್ನ ಯಾವ ಮನೆಯ ಎಳ್ಳುಬೆಲ್ಲದಲ್ಲಿಯೂ ಅದು ಇದ್ದಿರಲಾರದು. ಇಂದು ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಅದರ ಹೆಸರಿನಲ್ಲೇ ಪರಿಷೆ ನಡೆಯುತ್ತದೆ. ಮೆಣಸಿನಕಾಯಿಯ ಪ್ರಸಂಗವೂ ಇಂತಹುದೇ. ಪೋರ್ತುಗೀಸರ ಮೂಲಕ ಬಂದ ಅದಕ್ಕೆ ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಕೊಟ್ಟರು. ಹೊಸ ಬೀಜಕ್ಕೆ ಕಡಲೆಯ ಹೆಸರು, ಹೊಸ ಖಾರಕ್ಕೆ ಮೆಣಸಿನ ಹೆಸರು: ಮನೆಯಡುಗೆ ಹೊಸದನ್ನು ಒಳಕ್ಕೆ ಬಿಟ್ಟುಕೊಳ್ಳುವ ರೀತಿಯಿದು. ಬಸ್ಸಾರಿನ ಖಾರವೂ ಮಂಗರಸನ ಕಾಲದಲ್ಲಿ ಬರಿಯ ಕರಿಮೆಣಸಿನದಾಗಿದ್ದಿರಬೇಕು.

ಬೇಸಗೆಯ ಹಪ್ಪಳ ಸಂಡಿಗೆಗಳನ್ನೂ, ಮಲೆನಾಡಿನವರು ಹಲಸಿನ ಸೊಳೆಯನ್ನು ಉಪ್ಪಿನಲ್ಲಿಟ್ಟು, ಬೀಜವನ್ನು ಕೆಮ್ಮಣ್ಣಿನಲ್ಲಿ ಹೊರಳಿಸಿ ಮಳೆಗಾಲಕ್ಕೆ ಉಳಿಸುವುದನ್ನೂ ಇಲ್ಲಿ ಹೆಸರಿಸಿದರೆ ಸಾಕು; ತತ್ತ್ವ ಒಂದೇ. ಧಾರಾಳವಾಗಿರುವ ಕಾಲದಲ್ಲಿ ತಿನ್ನುವುದು, ತಿಂದು ಮಿಕ್ಕುದನ್ನು ಇಲ್ಲದ ಕಾಲಕ್ಕೆ ಸಾಗಿಸುವುದು.

ಇಷ್ಟನ್ನು ಹೇಳಿದ ಮೇಲೆ, ಮಿತವ್ಯಯವನ್ನು ಕೊಂಡಾಡುವ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಹಾಕುವುದು ಅವಶ್ಯಕ. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಡೊಮಿಂಗೊ ಪೇಸ್ ಹೆಸರು, ಹುರಳಿ ಮೊದಲಾದ ಕಾಳುಗಳನ್ನು ಸಾಮಾನ್ಯ ಜನರ ಆಹಾರವೆಂದು ಹೇಳುತ್ತಾನೆ. ಹುರಳಿಯು ಕುದುರೆ ಎತ್ತುಗಳ ಆಹಾರವೂ ಹೌದು. ಅನುಕೂಲಸ್ಥ ಒಕ್ಕಲಿನ ಮನೆಯಲ್ಲಿ ಎತ್ತಿಗೆಂದು ಹಂಡೆಯಲ್ಲಿ ಹುರಳಿ ಬೇಯುತ್ತಿತ್ತು. ಕಾಳು ಕೊಟ್ಟಿಗೆಗೆ ಹೋದರೆ, ಬಸಿದ ಕಟ್ಟು ಅಡುಗೆಮನೆಗೆ ಬಂದು ಚಳಿಗಾಲದ ಸಾರಾಗುತ್ತಿತ್ತು. ಅದರ ರುಚಿಯನ್ನು ಹೊಗಳದವರಿಲ್ಲ. ಆದರೆ ಎತ್ತಿಲ್ಲದ ಕೂಲಿಯವನ ಗುಡಿಸಲಿನಲ್ಲಿ ಅದೇ ಕಟ್ಟು, ಮುದ್ದೆಯನ್ನು ನುಂಗಲು ಇದ್ದ ಏಕಮಾತ್ರ ಸಾಧನ. ಹೆಸರೊಂದು, ಪಾಕವೊಂದು, ಒಂದು ಕಡೆ ಜಾಣತನ, ಮತ್ತೊಂದು ಕಡೆ ನಿರ್ವಾಹವಿಲ್ಲದಿರುವಿಕೆ. ಬಸ್ಸಾರಿನ ಪಾತ್ರೆಯಲ್ಲಿಯೂ ಈ ಪ್ರಶ್ನೆ ಅಡಗಿದೆ. ಗಟ್ಟಿ ಮೊದಲು ಯಾರ ತಟ್ಟೆಗೆ ಬಿದ್ದಿತು? ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಕುಳಿತವಳಿಗೆ ಸಾರಿನ ಹೊರತು ಏನು ಉಳಿಯಿತು?

ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮ, ಎಂದರೆ 1876-78ರದು, ಈ ವ್ಯತ್ಯಾಸವನ್ನು ನಿರ್ದಯವಾಗಿ ಬಯಲಿಗೆ ತಂದಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ರಾಗಿಯನ್ನು ಮಣ್ಣಿನೊಳಗೆ ವರ್ಷಗಟ್ಟಲೆ ಉಳಿಸುವ ವಿದ್ಯೆ ಆಗಲೂ ಇತ್ತು. ಆದರೆ ಹಗೇವು ತುಂಬಬೇಕಾದರೆ ಮಿಕ್ಕ ಧಾನ್ಯ ಬೇಕು. ಮಿಕ್ಕ ಧಾನ್ಯಕ್ಕೆ ಸ್ವಂತ ಹೊಲ ಬೇಕು. ದಿನದ ಕೂಲಿಯ ಕಾಳನ್ನು ದಿನವೇ ಬೀಸಿಕೊಳ್ಳುವವನ ಮನೆಯಲ್ಲಿ ಕೂಡಿಡುವುದಕ್ಕೆ ಏನೂ ಇರಲಿಲ್ಲ. ಮಳೆಯ ಜೊತೆಗೆ ಅವನ ಕೂಲಿಯೂ ನಿಂತುಹೋಯಿತು.

ಆದುದರಿಂದ, ನಮ್ಮ ವಿದ್ಯಾರ್ಥಿಗಳು ಗ್ರಾಮಗಳಿಗೆ ಹೋಗಿ ವೃದ್ಧೆಯರಿಂದ ಅಡುಗೆಯ ವಿವರಗಳನ್ನು ಬರೆದುಕೊಳ್ಳುವಾಗ ಮಾಡುವ ವಿಧಾನವನ್ನು ಮಾತ್ರ ಕೇಳಿ ಹಿಂದಿರುಗಬಾರದು. ಯಾವ ಮಾಸ, ಯಾರ ಹೊಲದ ಕಾಳು, ಎಷ್ಟು ಸೇರು, ಹಿತುಕಲು ಕುಳಿತವರು ಯಾರು, ಸಿಪ್ಪೆ ಯಾವ ಕೊಟ್ಟಿಗೆಗೆ ಹೋಯಿತು ಎಂಬುದನ್ನು ಬರೆದುಕೊಳ್ಳಬೇಕು. ಮನೆಯಲ್ಲಿ ಹಗೇವಿತ್ತೇ, ಇದ್ದರೆ ಅದನ್ನು ಯಾವ ವರ್ಷ ಮುಚ್ಚಿದರು ಎಂಬುದನ್ನೂ ಕೇಳಬೇಕು. ಹುರಳಿಯ ಮಾತು ಬಂದಾಗ, ಕಟ್ಟನ್ನು ಬಸಿದ ಮೇಲೆ ಕಾಳನ್ನು ತಿಂದವರು ಎತ್ತುಗಳೋ ಮನುಷ್ಯರೋ ಎಂಬುದನ್ನು ಬರೆದುಕೊಳ್ಳಲು ಮರೆಯಬಾರದು.