ಲಿಥಿಯಂ ಸಿಕ್ಕಿದ ಊರಿಗೇ ಬ್ಯಾಟರಿ ಫ್ಯಾಕ್ಟರಿ ಬರುತ್ತಾ?

ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣ ಭಾಗದಲ್ಲಿ 1,600 ಟನ್ ಲಿಥಿಯಂ ಇದೆ ಅಂತ 2021ರಲ್ಲಿ ಕೇಂದ್ರ ಸರ್ಕಾರ ಅಂದಾಜು ಹೇಳಿತು. ಆವತ್ತಿಂದ "ಇನ್ನೇನು ಬ್ಯಾಟರಿ ಕಾರ್ಖಾನೆ ಬರುತ್ತೆ, ಜಮೀನಿಗೆ ಚಿನ್ನದ ಬೆಲೆ" ಅನ್ನೋ ಮಾತು ನಿಂತಿಲ್ಲ. ಅಗ್ರಿಮೆಂಟಿಗೆ ಸಹಿ ಹಾಕೋ ಮೊದಲು ಬ್ಯಾಟರಿ ಊರುಗಳ ಚರಿತ್ರೆ ಸ್ವಲ್ಪ ನೋಡೋಣ.

ನಮಗೆ ಗೊತ್ತಿರೋದು ಸಕ್ಕರೆ ಕಾರ್ಖಾನೆ ಲೆಕ್ಕ. ಇರ್ವಿನ್ ನಾಲೆ ನೀರು ಬಂತು, ಕಬ್ಬು ಬಂತು, 1933ರಲ್ಲಿ ಮೈಷುಗರ್ ಕಂಪನಿ ಆಯ್ತು. ಕಡಿದ ಕಬ್ಬು ಒಂದೆರಡು ದಿನ ಬಿಸಿಲಲ್ಲಿ ಬಿದ್ದಿದ್ರೆ ತೂಕನೂ ಹೋಯ್ತು, ರಸನೂ ಹೋಯ್ತು. ಅದಕ್ಕೇ ಕಾರ್ಖಾನೆ ಗದ್ದೆ ಹತ್ರಾನೇ ಇರಬೇಕು. ಲಿಥಿಯಂ ಹಂಗಲ್ಲ. ಒಂದು ಕಾರಿನ ಬ್ಯಾಟರಿಗೆ ಬೇಕಾಗೋದು ಸುಮಾರು 8 ಕೆಜಿ. ಪುಡಿ ಮಾಡಿ ಹಡಗಿಗೆ ತುಂಬಿದ್ರೆ ಸಮುದ್ರ ದಾಟುತ್ತೆ, ಕೆಡೋದಿಲ್ಲ.

ಜಗತ್ತಿನ ಅತಿ ದೊಡ್ಡ ಬ್ಯಾಟರಿ ಕಂಪನಿ ಸಿಎಟಿಎಲ್ ಇರೋದು ಚೀನಾದ ನಿಂಗ್ಡೆಯಲ್ಲಿ. ಸಮುದ್ರ ತೀರದ ಬೆಟ್ಟದ ಸೀಮೆ ಅದು. ಮೀನು, ಟೀ ಬಿಟ್ರೆ ಹೆಚ್ಚೇನೂ ಇಲ್ಲದ ಬಡ ಜಾಗವಾಗಿತ್ತು. ಅಲ್ಲಿನ ಹಳ್ಳಿಯಲ್ಲೇ ಹುಟ್ಟಿದ ಝೆಂಗ್ ಯೂಚುನ್ 1999ರಲ್ಲಿ ಜೊತೆಗಾರರ ಸಂಗಡ ಎಟಿಎಲ್ ಅನ್ನೋ ಸಣ್ಣ ಬ್ಯಾಟರಿ ಕಂಪನಿ ಕಟ್ಟಿ ಕೆಲಸ ಪಳಗಿದ್ರು. ಆಮೇಲೆ ತಮ್ಮೂರಿಗೆ ಕಾರ್ಖಾನೆ ತಂದು, 2011ರಲ್ಲಿ ಕಾರಿನ ಬ್ಯಾಟರಿಗೆ ಅಂತಲೇ ಸಿಎಟಿಎಲ್ ಶುರು ಮಾಡಿದ್ರು. 2015ರಲ್ಲಿ ಚೀನಾ ಸರ್ಕಾರ ಒಂದು ಪಟ್ಟಿ ಮಾಡಿತು. ಆ ಪಟ್ಟಿಯಲ್ಲಿರೋ ಕಂಪನಿಯ ಬ್ಯಾಟರಿ ಹಾಕಿದ ಗಾಡಿಗೆ ಸಬ್ಸಿಡಿ. ಕೊರಿಯಾದ ದೊಡ್ಡ ಕಂಪನಿಗಳು ಪಟ್ಟಿಯಿಂದ ಹೊರಗುಳಿದವು. 2017ಕ್ಕೆ ಸಿಎಟಿಎಲ್ ಜಗತ್ತಿಗೇ ಮೊದಲನೇದಾಯ್ತು. ಬಿಡಿಭಾಗ ಮಾಡೋರೂ ಅದರ ಸುತ್ತ ಬಂದು ಸೇರಿದ್ರು. ಇಷ್ಟೆಲ್ಲಾ ನಡೆದಿದ್ದು ಕಸುಬು ಗೊತ್ತಿರೋ ಜನ, ಸರ್ಕಾರದ ಬೆಂಬಲ, ಕೊಳ್ಳೋ ಕಾರು ಕಂಪನಿ, ಇವುಗಳಿಂದ.

ಅದೇ ಕಂಪನಿ 2022ರಲ್ಲಿ ಯುರೋಪಿನಲ್ಲಿ ಒಂದು ಕಾರ್ಖಾನೆಗೆ ಹಂಗೇರಿಯ ಡೆಬ್ರೆಸೆನ್ ಆರಿಸಿತು. ಕೊಳ್ಳೋ ಜರ್ಮನ್ ಕಾರು ಕಂಪನಿಗಳ ಕಾರ್ಖಾನೆಗಳು ಆ ದೇಶದಲ್ಲೇ ಇದಾವೆ. ಅಲ್ಲಿನ ಜನ ಸಭೆಯಲ್ಲಿ ಕೇಳಿದ್ದು ಮಾತ್ರ ನಮ್ಮದೇ ಪ್ರಶ್ನೆ: ಇದಕ್ಕೆ ಎಷ್ಟು ನೀರು, ಎಲ್ಲಿಂದ?

ಇತ್ತ ಚಿಲಿ ದೇಶ ನೋಡಿ. ಮಂಡ್ಯದಲ್ಲಿ ಇದೆ ಅಂದಿದ್ದರ ಹತ್ತು ಪಟ್ಟಿಗೂ ಜಾಸ್ತಿ ಲಿಥಿಯಂ ಅಲ್ಲಿ ಒಂದೇ ವರ್ಷಕ್ಕೆ ತೆಗೀತಾರೆ. ದೊಡ್ಡ ಬ್ಯಾಟರಿ ಕಾರ್ಖಾನೆ ಮಾತ್ರ ಅಲ್ಲಿ ಎದ್ದಿಲ್ಲ. ನಮ್ಮ ಸುತ್ತಲೂ ಅಷ್ಟೇ. ಎಕ್ಸೈಡ್‌ನವರು ಹೋಗಿದ್ದು ದೇವನಹಳ್ಳಿ ಕಡೆಗೆ, ಓಲಾದವರು ಹೋಗಿದ್ದು ಕೃಷ್ಣಗಿರಿಗೆ. ಎರಡೂ ಕಡೆ ಲಿಥಿಯಂ ನೋಡಿ ಹೋದೋರಲ್ಲ.

ಅದಕ್ಕೇ ಹೇಳೋದು, ಲಿಥಿಯಂ ಇರೋ ಕಡೆ ಬಂದ್ರೆ ಗಣಿ ಬರಬಹುದು. ಗಣಿ ಬೇರೆ, ಕಾರ್ಖಾನೆ ಬೇರೆ. ಕಾರ್ಖಾನೆ ಹೆಸರು ಹೇಳಿ ಯಾರಾದ್ರೂ ಜಮೀನು ಕೇಳಿದ್ರೆ ಯಾವ ಕಂಪನಿ, ಯಾವ ಸರ್ಕಾರಿ ಆದೇಶ, ನೀರು ಎಲ್ಲಿಂದ, ನಮ್ಮ ಮಕ್ಕಳಿಗೆ ಯಾವ ಕೆಲಸ ಅಂತ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ. ಕಾಗದ ಕೈಗೆ ಬರೋ ತನಕ ಪಹಣಿ ನಿಮ್ಮ ಹೆಸರಲ್ಲೇ ಇರಲಿ.